ಮಗಳು ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದಾಗ



ಕಳೆದ ವರ್ಷ ಫೆಬ್ರವರಿಯಲ್ಲಿ ಕರಾವಳಿಯ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿಯುವ ಹೊತ್ತಿಗೆ ಒಬ್ಬ ಸದಸ್ಯೆಗೆ ಫೋನ್ ಬಂತು. ಹೊರಗೆ ಹೋಗಿ ಮಾತಾಡಿ ಬಂದವರ ಮುಖ ಸಪ್ಪಗಾಗಿತ್ತು. ಡಿಪ್ಲೊಮಾ ಕೊನೆಯ ಸೆಮಿಸ್ಟರಿನಲ್ಲಿದ್ದ ಮಗಳು ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿಗೆ ಹೋಗಿ ಹತ್ತು ದಿನ ಆಗಿತ್ತಷ್ಟೆ. "ಅಮ್ಮಾ, ನನಗೆ ಇಲ್ಲಿ ಆಗುವುದಿಲ್ಲ, ನಾನು ಬರ್ತೇನೆ" ಅಂತ ಅಳುತ್ತಿದ್ದಳಂತೆ.

ಸಭೆಯಲ್ಲಿ ಅರ್ಧ ಜನ "ಕರೆಸಿಕೊಳ್ಳಿ, ಹೆಣ್ಣು ಮಗು" ಎಂದರು. ಉಳಿದವರು "ಹಾಗಾದರೆ ಸಂಘದಿಂದ ಸಾಲ ತೆಗೆದು ಕಳಿಸಿದ್ದು ಯಾಕೆ?" ಎಂದರು. ಮಗುವಿಗೆ ಅಲ್ಲಿ ಏನಾಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ಒಪ್ಪಿಕೊಳ್ಳುತ್ತೇವೆ.

ಡಿಪ್ಲೊಮಾ, ಇಂಜಿನಿಯರಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ನಮ್ಮ ಎಷ್ಟೋ ಮಕ್ಕಳು ಈಗ ಓದಿನ ಭಾಗವಾಗಿ ಕೆಲವು ತಿಂಗಳು ಕಂಪೆನಿಯಲ್ಲೋ ಹೋಟೆಲಿನಲ್ಲೋ ಕೆಲಸ ಕಲಿಯಬೇಕು. ಇದಕ್ಕೆ ಇಂಟರ್ನ್‌ಶಿಪ್ ಎನ್ನುತ್ತಾರೆ. ಇದು ನೌಕರಿ ಅಲ್ಲ. ಮಗು ಇನ್ನೂ ವಿದ್ಯಾರ್ಥಿಯೇ, ಅಂಕ ಕೊಡುವುದು ಕಾಲೇಜು. ಕೆಲವು ಕಡೆ ಸ್ಟೈಪೆಂಡ್ ಎಂದು ಸ್ವಲ್ಪ ಹಣ ಕೊಡುತ್ತಾರೆ, ಕೆಲವು ಕಡೆ ಏನೂ ಇಲ್ಲ. ಹೊರಡುವ ಮೊದಲೇ ಇದನ್ನು ಪತ್ರದಲ್ಲಿ ಓದಿ ತಿಳಿದುಕೊಳ್ಳಬೇಕು. ಇಂಟರ್ನ್‌ಶಿಪ್ ಕೊಡಿಸಲು ಯಾರಾದರೂ ಡೆಪಾಸಿಟ್ ಕೇಳಿದರೆ ಕಾಲೇಜಿನಲ್ಲಿ ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲ ಎರಡು ಮೂರು ವಾರ ಮಗುವಿಗೆ ಏನಾಗುತ್ತದೆ ಎಂದು ಸ್ವಲ್ಪ ಯೋಚಿಸಿ. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾಳೆ. ಪಿ.ಜಿ.ಯ ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂಚ. ಪಕ್ಕದವಳು ಮಾತಾಡುವುದು ತೆಲುಗು, ಅದರಾಚೆಯವಳು ಹಿಂದಿ. ಹುಟ್ಟಿದಾಗಿನಿಂದ ಕುಚ್ಚಲಕ್ಕಿ ಅನ್ನ, ಗಂಜಿ ಉಂಡ ಹೊಟ್ಟೆಗೆ ದಿನಾ ಬೆಳ್ತಿಗೆ ಅನ್ನ. ಕಾವೇರಿ ನೀರು ಬಾರದ ಬಡಾವಣೆಯಾದರೆ ಬೋರ್‌ವೆಲ್ಲಿನ ಇಲ್ಲವೇ ಟ್ಯಾಂಕರಿನ ಗಡಸು ನೀರು, ಸೋಪು ನೊರೆ ಬರುವುದಿಲ್ಲ. ಇವಳು "ಎಂತ" ಅಂದರೆ ಅಲ್ಲಿಯವರು ನಗುತ್ತಾರೆ. ಕನ್ನಡದವರೇ ನಗುವುದು, ಅದೇ ಹೆಚ್ಚು ನೋವು.

ಕೆಲಸದ ಜಾಗದಲ್ಲಿ ಇನ್ನೊಂದು ಕಷ್ಟ. ಮೊದಲ ವಾರ ಹೆಚ್ಚಿನ ಕಡೆ ಯಾರೂ ಸರಿಯಾದ ಕೆಲಸವೇ ಕೊಡುವುದಿಲ್ಲ, ಕೊಡಲು ಅವರಿಗೆ ಪುರುಸೊತ್ತಿರುವುದಿಲ್ಲ. ಕಾಲೇಜಿನಲ್ಲಿ ಮೊದಲ ಬೆಂಚಿನಲ್ಲಿ ಕೂತವಳು ಇಲ್ಲಿ ಸುಮ್ಮನೆ ಕೂತು "ನನಗೆ ಏನೂ ಬರುವುದಿಲ್ಲ" ಅಂದುಕೊಳ್ಳುತ್ತಾಳೆ. ಊಟ, ನಿದ್ದೆ, ಭಾಷೆ, ಜನ ಎಲ್ಲವೂ ಒಂದೇ ದಿನ ಬದಲಾದರೆ ಯಾರಿಗೂ ಅಳು ಬಂದೀತು. ಮದುವೆಯಾಗಿ ಗಂಡನ ಮನೆಗೆ ಬಂದ ಮೊದಲ ತಿಂಗಳನ್ನು ನೆನಪು ಮಾಡಿಕೊಳ್ಳಿ. ಬಸ್ಸಿನ ದಾರಿ ತಿಳಿದು, ಒಬ್ಬ ಗೆಳತಿ ಸಿಕ್ಕಿದ ಮೇಲೆ ಹೆಚ್ಚಿನವರಿಗೆ ಇದು ಕಡಿಮೆಯಾಗುತ್ತದೆ.

ಆ ಸಭೆಯ ತಾಯಿ ರಾತ್ರಿ ಮಗಳಿಗೆ ಪುನಃ ಫೋನ್ ಮಾಡಿ, "ಬಾ" ಅಂತಲೂ ಹೇಳದೆ "ಇರು" ಅಂತಲೂ ಹೇಳದೆ ಬೆಳಗ್ಗಿನಿಂದ ಏನು ಮಾಡಿದೆ ಎಂದು ಒಂದೊಂದಾಗಿ ಕೇಳಿದರು. ಆಗ ಗೊತ್ತಾಯಿತು, ಪಿ.ಜಿ.ಯಲ್ಲಿ ರಾತ್ರಿ ಊಟ 9 ಗಂಟೆಗೆ ಮುಗಿಯುತ್ತದೆ, ಟ್ರಾಫಿಕ್ ದಾಟಿ ಇವಳು ಬರುವುದು ಒಂಬತ್ತೂವರೆಗೆ. ಕೇಳಲು ನಾಚಿಕೆಯಾಗಿ ಹತ್ತು ದಿನ ಬಿಸ್ಕೆಟ್ ತಿಂದು ಮಲಗಿದ್ದಾಳೆ! ತಾಯಿ ಹೇಳಿಕೊಟ್ಟಂತೆ ಮರುದಿನ ಅಡುಗೆಯವರಲ್ಲಿ ಕೇಳಿದಳು. ಒಂದು ತಟ್ಟೆ ಮುಚ್ಚಿಡುತ್ತೇವೆ ಎಂದರು. ಅವಳು ಇಂಟರ್ನ್‌ಶಿಪ್ ಮುಗಿಸಿಯೇ ಬಂದಳು.

"ಊಟ ಆಯ್ತಾ?" ಅಂದರೆ ಮಕ್ಕಳು "ಆಯ್ತು" ಅನ್ನುತ್ತಾರೆ. ಏನು ಊಟ, ಯಾರ ಜೊತೆ, ಇವತ್ತು ಏನು ಕೆಲಸ ಕೊಟ್ಟರು, ನಿದ್ದೆ ಬರುತ್ತದಾ ಎಂದು ಕೇಳಿ. ದಿನಕ್ಕೆ ಐದು ಸಲ ಬೇಡ, ಒಂದು ಹೊತ್ತು ನಿಗದಿ ಮಾಡಿ ಮಾತಾಡಿ. ಮೊದಲ ತಿಂಗಳು ಪ್ರತಿ ಶನಿವಾರ ಊರಿಗೆ ಓಡಿ ಬರುವುದೂ ಬೇಡ ಎಂದು ನಮ್ಮ ಅಭಿಪ್ರಾಯ. ಎರಡು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟರೆ ಸೋಮವಾರ ಇನ್ನೂ ಕಷ್ಟ. ಆದರೆ ವಾರಗಳು ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಎಂಬ ಮಾತು ಬಂತು ಎಂದಾದರೆ ತಡ ಮಾಡಬೇಡಿ, ಹೊರಟು ಹೋಗಿ ಜೊತೆಯಲ್ಲಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ರೀತಿಯ ಅಳು ಇದೆ. ಮೇಲಿನವರು ಮೈಕೈ ಮುಟ್ಟುತ್ತಾರೆ, ಕೆಟ್ಟ ಮಾತು ಆಡುತ್ತಾರೆ, ರಾತ್ರಿ ಮೆಸೇಜ್ ಕಳಿಸುತ್ತಾರೆ. ಇದಕ್ಕೆ "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ದಯವಿಟ್ಟು ಹೇಳಬೇಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು ತರಬೇತಿಯವರಿಗೂ ಅನ್ವಯಿಸುತ್ತದೆ, ಅವರಿಗೆ ಸಂಬಳ ಕೊಡಲಿ ಕೊಡದಿರಲಿ. 10 ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರನ್ನು 3 ತಿಂಗಳೊಳಗೆ ಬರೆದು ಕೊಡಬೇಕು, ಮೆಸೇಜ್‌ಗಳನ್ನು ಅಳಿಸಬಾರದು. ಕಾಲೇಜಿಗೂ ತಿಳಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಇಂಟರ್ನ್‌ಶಿಪ್ ಅರ್ಧಕ್ಕೆ ಬಿಟ್ಟು ಬರಬೇಕಾಗಿ ಬಂದರೂ ಅದು ಮಗುವಿನ ತಪ್ಪಲ್ಲ.

ಈಗ ಹಣದ ಮಾತು. ಆ ತಾಯಿಯ ಲೆಕ್ಕ ಹೀಗಿತ್ತು: ಪಿ.ಜಿ. ಬಾಡಿಗೆ 7,500, ಅಡ್ವಾನ್ಸ್ 7,500, ಹಾಸಿಗೆ ಬಕೆಟ್ ಓಡಾಟ ಎಂದು 3,000, ಒಟ್ಟು 18,000 ರೂಪಾಯಿ ಹೋದ ವಾರದಲ್ಲೇ ಖಾಲಿ. ಸ್ಟೈಪೆಂಡ್ ಕೈಗೆ ಬಂದದ್ದು ಎರಡನೇ ತಿಂಗಳ ಕೊನೆಗೆ. ಹಾಗಾಗಿ ಸಂಘದಿಂದ ಸಾಲ ಕೇಳುವಾಗ ಎರಡು ತಿಂಗಳ ಖರ್ಚು ಲೆಕ್ಕ ಹಾಕಿ ಕೇಳಿ. ಅಡ್ವಾನ್ಸ್ ಎಷ್ಟು ವಾಪಸ್ ಬರುತ್ತದೆ, ಬಿಡುವ ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳಬೇಕು. ಸರಕಾರದ ನೆರವಿನ ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗಳಲ್ಲಿ ಜಾಗ ಉಳಿದರೆ ತರಬೇತಿಯವರನ್ನೂ ಸೇರಿಸುತ್ತಾರೆ, ಅಲ್ಲಿ ಮೊದಲು ವಿಚಾರಿಸಿ.

ಸ್ಟೈಪೆಂಡ್ ತಡವಾದದ್ದಕ್ಕೆ ಕಾರಣ ಕಂಪೆನಿ ಅಲ್ಲ. ಖಾತೆಗೆ ಪ್ಯಾನ್ ಕಾರ್ಡ್ ಬೇಕಿತ್ತು. ಪ್ಯಾನ್‌ಗೆ ಅರ್ಜಿ ಹಾಕಿದರೆ ಓ.ಟಿ.ಪಿ. ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ, ಅದು ಅಪ್ಪನದ್ದು. ಅಪ್ಪ ಬೋಟಿನಲ್ಲಿ ಕಡಲಲ್ಲಿ! ಮಗಳ ಆಧಾರ್‌ಗೆ ಮಗಳ ನಂಬರನ್ನೇ ಊರಲ್ಲಿ ಇರುವಾಗಲೇ ಜೋಡಿಸಿಡಿ.

ಬಸ್ಸಿನ ಖರ್ಚು ಉಳಿಸಲು ದಾರಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬೆಂಗಳೂರಿನ ಸಾಮಾನ್ಯ ಸಿಟಿ ಬಸ್ಸಿಗೂ ಊರಿಗೆ ಬರುವ ವೇಗದೂತಕ್ಕೂ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇಲ್ಲ, ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೂ ಮೆಟ್ರೋ ರೈಲಿಗೂ ಇದು ಇಲ್ಲ.

ನಿಮ್ಮ ಸಂಘದಲ್ಲಿ ಯಾರ ಮಕ್ಕಳಾದರೂ ಈ ವರ್ಷ ಹೊರಡುವವರಿದ್ದರೆ ಮುಂದಿನ ಸಭೆಗೆ ಮಗುವಿನ ಆಧಾರ್, ಪಾಸ್‌ಬುಕ್, ಇಂಟರ್ನ್‌ಶಿಪ್ ಪತ್ರ ಹಿಡಿದುಕೊಂಡು ಬನ್ನಿ. ಮಗಳನ್ನೂ ಕರೆತನ್ನಿ. ಕೂತು ಒಟ್ಟಿಗೆ ನೋಡುವ.