ಕೋಟೆಯ ಮಣ್ಣು, ಕೆಂಪು ಔಷಧ

ಬಿದರಿ ಹೂಜಿಗೆ ಕಪ್ಪು ಬರುವುದು ಬೀದರ್ ಕೋಟೆಯ ಹಳೇ ಮಣ್ಣಿನಿಂದ. ನವಸಾಗರದ ಜತೆ ಕಲಸಿ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ. ಕೂರಿಸಿದ ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದು ಆ ಮಣ್ಣಿಗೆ ಗೊತ್ತು.

ಇನ್ನೊಂದು ಕೋಟೆಯ ಮಣ್ಣಿನ ಕಥೆ ಕೇಳಿ. ಇಟಲಿಯ ಕಾಸ್ಟೆಲ್ ದೆಲ್ ಮೊಂಟೆ ಕೋಟೆಯ ಸುತ್ತಲ ಮಣ್ಣಿನಲ್ಲಿ 1950ರ ದಶಕದಲ್ಲಿ ಕೆಂಪು ಬಣ್ಣ ಸ್ರವಿಸುವ ಸೂಕ್ಷ್ಮಜೀವಿಯೊಂದು ಸಿಕ್ಕಿತು. ಅದರ ವಂಶದಿಂದ ಬಂದದ್ದು ಡಾಕ್ಸೊರುಬಿಸಿನ್. ಸ್ತನ ಕ್ಯಾನ್ಸರಿಗೆ ಇಂದಿಗೂ ಕೊಡುವ ಕೀಮೋ ಇದು. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪು. ಅದು ರಕ್ತವಲ್ಲ, ಔಷಧದ ಬಣ್ಣ.

ಜೀವಕೋಶ ಎರಡಾಗುವ ಮೊದಲು ಡಿಎನ್‌ಎ ಎಳೆಯ ನಕಲು ಆಗಬೇಕು. ಆಗ ಎಳೆ ಹುರಿಗಟ್ಟುತ್ತದೆ. ಒಂದು ಕಿಣ್ವ ಅದನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಈ ಔಷಧ ಕತ್ತರಿಸಲು ಬಿಡುತ್ತದೆ, ಬೆಸೆಯಲು ಬಿಡುವುದಿಲ್ಲ. ಎಳೆ ತುಂಡಾದ ಕೋಶ ಸಾಯುತ್ತದೆ.

ಆದರೆ ಬಿದರಿ ಮಣ್ಣಿನ ವಿವೇಕ ಇದಕ್ಕಿಲ್ಲ. ಬೇಗಬೇಗ ಒಡೆದು ಬೆಳೆಯುವ ಕೋಶ ಎಲ್ಲಿದ್ದರೂ ಹೊಡೆಯುತ್ತದೆ: ಕೂದಲ ಬುಡ, ಬಾಯಿಯ ಒಳಪದರ, ಎಲುಬಿನ ಮಜ್ಜೆ. ಕೂದಲು ಉದುರಿಸುವುದೂ ಗಡ್ಡೆ ಕರಗಿಸುವುದೂ ಒಂದೇ ಕೆಲಸ. ‘ಅಡ್ಡ’ ಪರಿಣಾಮ ಎಂಬ ಮಾತೇ ನನಗೆ ಅಷ್ಟು ಸರಿ ಕಾಣುವುದಿಲ್ಲ. ಹೃದಯದ ಕಥೆ ಬೇರೆ. ಅಲ್ಲಿನ ಸ್ನಾಯುವಿಗೆ ಇದು ಮಾಡುವ ಹಾನಿ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಇಡೀ ಆಯುಷ್ಯಕ್ಕೆ ಇಷ್ಟೇ ಎಂದು ಡೋಸಿನ ಲೆಕ್ಕವಿಡುತ್ತಾರೆ.

ಕೂದಲು ಹೋದರೆ ಮತ್ತೆ ಬರುತ್ತದೆ. ಅಂಜಬೇಕಾದದ್ದು ಮಜ್ಜೆಯ ವಿಷಯಕ್ಕೆ. ಕೀಮೋ ಆದ 10ರಿಂದ 14ನೇ ದಿನದ ಹೊತ್ತಿಗೆ, ಮಜ್ಜೆಯಲ್ಲಿ ಹುಟ್ಟಿ ಸೋಂಕಿನಿಂದ ಕಾಯುವ ರಕ್ತದ ಬಿಳಿ ಕಣಗಳು ತಳ ಮುಟ್ಟುತ್ತವೆ, 21ನೇ ದಿನಕ್ಕೆ ಬಹುಮಟ್ಟಿಗೆ ಚೇತರಿಸುತ್ತವೆ. ಕೀಮೋ ಸರದಿ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಬರುವುದು ಈ ಕಾರಣಕ್ಕೆ. ಈ ಲೆಕ್ಕವನ್ನು ನಮ್ಮ ಬೀದರ್ ಸೀಮೆಯ ನಕ್ಷೆಯ ಮೇಲಿಟ್ಟು ನೋಡಿ. ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲೋ ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆಯಲ್ಲೋ ಕೀಮೋ ಮುಗಿಸಿದವರು ಹತ್ತನೇ ದಿನ ಭಾಲ್ಕಿ, ಔರಾದ್ ಕಡೆಯ ತಮ್ಮ ಊರಲ್ಲಿರುತ್ತಾರೆ. ಕೊಟ್ಟ ಡಾಕ್ಟರು ದೂರ, ಕಾಯುವ ಕಣಗಳು ಕಡಿಮೆ.

ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಬರೀ ಜ್ವರವಲ್ಲ. ಗುಳಿಗೆ ನುಂಗಿ ಬೆಳಗಿನ ಬಸ್ಸಿಗೆ ಕಾದರೆ ಜ್ವರ ಇಳಿದೀತು, ಸೋಂಕು ಇಳಿಯದು. ನಡುರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸುವ ಮುಂಚೆಯೇ ಹೇಳಿಬಿಡಬೇಕು: “ಕೀಮೋ ಆಗಿ ಹತ್ತು ದಿನ ಆಗ್ಯಾವ್ರಿ, ಜ್ವರ ಬಂದಾವ.”