ಟೊಂಕ, ಗುದ್ದಲಿ ಕಾವು ಮತ್ತು ಕಾಲು ಮುಂದಾಗಿ ಹುಟ್ಟಿದವರು

ಹೊಸಪೇಟೆ ಕಡೆಯ ಬಾಳೆ ತೋಟವಾಗಲಿ, ಮನೆಯ ಹಿತ್ತಲಾಗಲಿ, ಅಗೆಯುತ್ತಿದ್ದವರ ಟೊಂಕ ಹಿಡಿಯಿತೆಂದರೆ ಒಂದು ಹುಡುಕಾಟ ಶುರುವಾಗುತ್ತದೆ. ಓಣಿಯಲ್ಲಿ ಕಾಲು ಮುಂದಾಗಿ ಹುಟ್ಟಿದವರು ಯಾರಿದ್ದಾರೆ? ಅವರು ಟೊಂಕಕ್ಕೆ ಮೆಲ್ಲಗೆ ಒದ್ದರೆ ಹಿಡಿದದ್ದು ಬಿಡುತ್ತದಂತೆ.

ಬಿಡುವುದೇನೋ ನಿಜ. ದಿಢೀರನೆ ಹಿಡಿಯುವ ಸೊಂಟನೋವು ಬಹುತೇಕರಲ್ಲಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಒದೆಸಿಕೊಂಡವರದೂ ಇಳಿಯುತ್ತದೆ, ಒದೆಸಿಕೊಳ್ಳದವರದೂ ಇಳಿಯುತ್ತದೆ. ಹೆಸರು ಮಾತ್ರ ಒದ್ದವರಿಗೆ. ಮೆಲ್ಲಗೆ ಕಾಲು ತಾಗಿಸಿದರೆ ಕಳೆದುಕೊಳ್ಳುವುದೇನಿಲ್ಲ. ಆದರೆ ‘ಮೂಳೆ ಸರಿದಿದೆ’ ಎಂದು ಬೆನ್ನು ತುಳಿಸಿಕೊಳ್ಳುವುದು, ಜೋರಾಗಿ ಎಳೆಸಿಕೊಳ್ಳುವುದು ಬೇರೆಯೇ ಮಾತು. ಪಾದ ಎತ್ತಲಾಗದಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ನರದ ಮೇಲೆ ಒತ್ತಡ ಬಿದ್ದಿರಬಹುದು. ಆಗ ಅಂದೇ ಆಸ್ಪತ್ರೆಗೆ ಹೋಗಬೇಕು.

‘ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡ’ ಎನ್ನುವ ಹಿರಿಯರ ಮಾತು ಹಿಂದೆ ವೈದ್ಯರ ಮಾತೂ ಆಗಿತ್ತು. ಈಗ ವೈದ್ಯರು ಅದನ್ನು ಕೈಬಿಟ್ಟಿದ್ದಾರೆ. ಮಲಗಿದಷ್ಟೂ ಬೆನ್ನು ಬಿಗಿಯುತ್ತದೆ. ತಡೆದುಕೊಳ್ಳುವಷ್ಟು ನಡೆದಾಡುವುದೇ ಮೇಲು.

‘ಬಗ್ಗಿ ಅಗೆದರೇ ಕೆಲಸ ಚೊಕ್ಕ’ ಎಂಬ ನಂಬಿಕೆ ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೋಟದ ಕೂಲಿಗಳಿಗೆ ಗಿಡ್ಡ ಕಾವಿನ ಗುದ್ದಲಿಯನ್ನೇ ಕೊಡುತ್ತಿದ್ದರು. ಉದ್ದ ಕಾವು ಹಾಕಿದರೆ ಬೆಳೆ ಕೆಡುತ್ತದೆ ಎಂದು ಜಮೀನುದಾರರ ವಾದ. ಬೆನ್ನು ಕೆಟ್ಟ ಕೂಲಿಕಾರರು ಹೋರಾಡಿ, 1975ರಲ್ಲಿ ಆ ಗುದ್ದಲಿಗೆ ನಿಷೇಧ ಹಾಕಿಸಿದರು. ನಮ್ಮಲ್ಲಿ ನೋವಿನ ಮುಲಾಮಿಗೆ ಸುರಿಯುವ ದುಡ್ಡಿನಲ್ಲಿ ಒಂದು ಉದ್ದ ಕಾವು ಹಾಕಿಸಬಹುದು. ಬಗ್ಗಲೇಬೇಕಾದ ಕಳೆ ಕೆಲಸದಲ್ಲಿ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರದೆ ಆಗಾಗ ಎದ್ದು ನಿಲ್ಲಬೇಕು, ಕೈ ಬದಲಿಸಬೇಕು.

ಮಣ್ಣಿನ ಹದವೂ ಟೊಂಕದ ಲೆಕ್ಕಕ್ಕೇ ಸೇರುತ್ತದೆ. ಎರೆ ಭೂಮಿ ಒಣಗಿದರೆ ಕಲ್ಲು, ನೆನೆದರೆ ಗುದ್ದಲಿಗೇ ಮೆತ್ತಿಕೊಂಡು ಪ್ರತಿ ಏಟಿಗೂ ಭಾರ ಏರುತ್ತದೆ. ಸಂಡೂರಿನ ಗುಡ್ಡದ ಕೆಳಗಿನ ಕೆಂಪು ಗರಸಿನಲ್ಲಿ ಮೊದಲು ಹಾರೆ ಹಾಕಿ ಸಡಿಲಿಸಿ, ಆಮೇಲೆ ಗುದ್ದಲಿ ಹಿಡಿಯುವುದು ಜಾಣತನ.

ಇನ್ನು ಭಾರದ ವಿಷಯ. ‘ಗಟ್ಟಿ ಆಳಿಗೆ ಒಂದು ಚೀಲ ಏನು ಮಹಾ?’ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ‘ನಿಯೋಷ್’ ಎಲ್ಲ ಅನುಕೂಲವೂ ಇದ್ದಾಗ ಒಬ್ಬರು ಎತ್ತಲು ಸೂಚಿಸುವ ಮಿತಿ 23 ಕೆ.ಜಿ. ಯೂರಿಯಾ ಚೀಲ 50ರಿಂದ 45 ಕೆ.ಜಿ.ಗೆ ಇಳಿದ ಮೇಲೂ ಅದರ ಹತ್ತಿರಹತ್ತಿರ ಎರಡು ಪಟ್ಟು. ಕಂಪ್ಲಿಯ ಭತ್ತದ ಚೀಲವಂತೂ 75 ಕೆ.ಜಿ. ಅನುಕೂಲವೆಂದರೆ ಭಾರ ಮೈಗೆ ಅಂಟಿಕೊಂಡಿರಬೇಕು, ಸೊಂಟದ ಎತ್ತರದಲ್ಲಿರಬೇಕು, ಮೈ ತಿರುಚಬಾರದು. ಕೈ ಚಾಚಿ ಹಿಡಿದ ಸಣ್ಣ ಕುಂಡವೂ ಎದೆಗೆ ಒತ್ತಿ ಹಿಡಿದ ದೊಡ್ಡ ಕುಂಡಕ್ಕಿಂತ ಹೆಚ್ಚು ಟೊಂಕ ಮುರಿಯಬಲ್ಲದು. ಬಾಳೆಗೊನೆ ಕಡಿಯುವಾಗ ಒಬ್ಬರು ಕಡಿದು ಇನ್ನೊಬ್ಬರು ಹೆಗಲು ಕೊಟ್ಟರೆ ಒಂಟಿ ಕೈಯಲ್ಲಿ ತಿರುಚಿ ಹಿಡಿಯುವುದು ತಪ್ಪುತ್ತದೆ. ಅಂದಹಾಗೆ, ಔಷಧಿ ಅಂಗಡಿಯ ಸೊಂಟದ ಬೆಲ್ಟ್ ಕಟ್ಟಿಕೊಂಡರೆ ನೋವೇ ಬರುವುದಿಲ್ಲ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಕೊನೆಯದು ಗಾಯ. ‘ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು’ ಎಂದು ಓದಿದವರೂ ಹೇಳುತ್ತಾರೆ. ತುಕ್ಕಿಗೂ ರೋಗಕ್ಕೂ ನೇರ ನಂಟಿಲ್ಲ. ರೋಗಾಣು ಇರುವುದು ಮಣ್ಣು, ಸಗಣಿ, ಗೊಬ್ಬರದಲ್ಲಿ. ಹೊಸಪೇಟೆ, ಹಂಪಿಯ ತೋಟಗಳು ವಿಜಯನಗರ ಕಾಲದ ಕಾಲುವೆಗಳ ನೀರು ಕುಡಿದು, ತಲೆಮಾರುಗಳಿಂದ ಕೊಟ್ಟಿಗೆ ಗೊಬ್ಬರ ಉಂಡವು. ಅಲ್ಲಿ ಹೊಳೆಯುವ ಹೊಸ ಕುಡುಗೋಲು ತಾಗಿದರೂ, ಬರಿಗಾಲಿಗೆ ಮುಳ್ಳು ಚುಚ್ಚಿದರೂ ಅಪಾಯ ಒಂದೇ. ರಕ್ತ ನಿಲ್ಲಲೆಂದು ಮಣ್ಣನ್ನೇ ಮೆತ್ತುವುದು ರೋಗವನ್ನು ಒಳಗೆ ಕರೆದಂತೆ. ಗಾಯವನ್ನು ಶುದ್ಧ ನೀರು, ಸೋಪಿನಲ್ಲಿ ತೊಳೆದು, ಚುಚ್ಚುಮದ್ದಿನ ಲೆಕ್ಕ ನೋಡಬೇಕು: ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ, ಆಳವಾದ ಕೊಳಕು ಗಾಯವಾದರೆ ಹಿಂದಿನದು ಹಾಕಿಸಿ 5 ವರ್ಷ ದಾಟಿದ್ದರೂ ಮತ್ತೊಮ್ಮೆ. ಯಾವಾಗ ಹಾಕಿಸಿದ್ದು ಎಂಬುದೇ ನೆನಪಿಲ್ಲದವರು ಅದನ್ನೇ ವೈದ್ಯರಿಗೆ ಹೇಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಹಳೆಯ ಟಿಟಿ ಬದಲು ಕೊಡುವ ಟಿಡಿ ಲಸಿಕೆ ಧನುರ್ವಾಯುವಿನ ಜೊತೆಗೆ ಗಂಟಲಮಾರಿಯನ್ನೂ ತಡೆಯುತ್ತದೆ.