ಬೀದಿಯ ಚಳಿಗೆ ಕ್ರೋಶದ ಟೋಪಿ

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಕುಣಿಕೆಯೊಳಗಿಂದ ಕುಣಿಕೆಗೆ ಎಳೆಯುತ್ತ ಬಟ್ಟೆಯನ್ನು ಬೆಳೆಸುವ ಕಸುಬಿಗೆ ಕ್ರೋಶ ಎಂದು ಹೆಸರು. ಎರಡು ಸೂಜಿಗಳ ಹೆಣಿಗೆಯಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲವೂ ಸೂಜಿಯ ಮೇಲೇ ಇರಬೇಕಾಗುತ್ತದೆ. ಕ್ರೋಶದಲ್ಲಾದರೋ ಸಾಮಾನ್ಯವಾಗಿ ಒಂದೇ ಕುಣಿಕೆ ಉಳಿಯುವುದರಿಂದ ಕೆಲಸವನ್ನು ಎಲ್ಲೆಂದರಲ್ಲಿ ನಿಲ್ಲಿಸಿ, ಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಕುಳಿತು ಮುಂದುವರಿಸಬಹುದು. ಕನ್ನಡಿಗರ ಮನೆಗಳಲ್ಲಿ ಬಾಗಿಲ ತೋರಣ, ಮೇಜಿನ ಹೊದಿಕೆ, ಎಳೆಗೂಸಿನ ಕುಲಾವಿಗಳಿಂದ ಪರಿಚಿತವಾದ ಈ ಕಸುಬು ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಮತ್ತೊಂದು ಕೆಲಸಕ್ಕೂ ಒದಗಿಬಂದಿದೆ. ಸೂರಿಲ್ಲದೆ ಬೀದಿಯಲ್ಲಿ ಚಳಿಗಾಲ ಕಳೆಯುವವರಿಗಾಗಿ ಟೋಪಿ, ಮಫ್ಲರುಗಳನ್ನು ಹೆಣೆದು ಕೊಡುವುದು ಅಲ್ಲಿನ ಅನೇಕ ಗ್ರಂಥಾಲಯ ಮತ್ತು ಚರ್ಚುಗಳ ಕೂಟಗಳಲ್ಲಿ ರೂಢಿಯಾಗಿದೆ.

ಅಮೆರಿಕದಲ್ಲಿ ಪ್ರತಿ ವರ್ಷ ಜನವರಿಯ ಕೊನೆಯ ಹತ್ತು ದಿನಗಳೊಳಗೆ ಒಂದು ರಾತ್ರಿಯನ್ನು ಗೊತ್ತುಮಾಡಿಕೊಂಡು ವಸತಿಹೀನರನ್ನು ಎಣಿಸಲಾಗುತ್ತದೆ. 2024ರ ಎಣಿಕೆಯಲ್ಲಿ ಕಂಡುಬಂದವರು 7,71,480 ಮಂದಿ. ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ತಂಗುದಾಣವೂ ಇಲ್ಲದೆ ಪಾದಚಾರಿ ಮಾರ್ಗ, ಕಾರು, ಡೇರೆಗಳಲ್ಲಿ ಮಲಗಿದ್ದರು. ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಬಟ್ಟೆ ನೆನೆದಿದ್ದು, ಗಾಳಿ ಬೀಸುತ್ತಿದ್ದು, ಹೊಟ್ಟೆ ಖಾಲಿಯಿದ್ದರೆ ಶೂನ್ಯಕ್ಕಿಂತ ಎಷ್ಟೋ ಮೇಲಿನ ಉಷ್ಣತೆಯಲ್ಲೂ ಜೀವಕ್ಕೆ ಅಪಾಯವಿದೆ.

ಮೈಯ ಶಾಖದ ಅರ್ಧದಷ್ಟು ತಲೆಯಿಂದಲೇ ಸೋರಿಹೋಗುತ್ತದೆ ಎಂಬ ಮಾತು ಟೋಪಿ ದಾನದ ಕರೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದು ಸರಿಯಲ್ಲವೆಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ವಿವರಿಸಿದರು. ವಯಸ್ಕರ ಮೈಯ ಮೇಲ್ಮೈಯಲ್ಲಿ ತಲೆಯದು ಸುಮಾರು ಹತ್ತನೆಯ ಒಂದು ಪಾಲು. ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಆದರೂ ಟೋಪಿಯ ಅಗತ್ಯ ಇದರಿಂದ ಕಡಿಮೆಯಾಗುವುದಿಲ್ಲ. ಉಳಿದ ಮೈ ಕೋಟಿನಲ್ಲೋ ಕಂಬಳಿಯಲ್ಲೋ ಮುಚ್ಚಿರುವಾಗ ಶಾಖ ಸೋರುವ ದಾರಿಯಾಗಿ ಉಳಿಯುವುದು ಬರಿಯ ತಲೆ ಮತ್ತು ಕುತ್ತಿಗೆ. ಕಡುಶೀತಕ್ಕೆ ಚರ್ಮ ಹೆಪ್ಪುಗಟ್ಟಿ ಸಾಯುವ ತೊಂದರೆ ಮೊದಲು ತಟ್ಟುವ ಭಾಗಗಳಲ್ಲಿ ಕಿವಿಯೂ ಒಂದು.

ಟೋಪಿಯ ಹೆಣಿಗೆ ನೆತ್ತಿಯಿಂದ ಆರಂಭವಾಗುತ್ತದೆ. ನೂಲಿನ ಒಂದು ಉಂಗುರದೊಳಗೆ 6 ಸಿಂಗಲ್ ಕ್ರೋಶ, ಅಂದರೆ ಗಿಡ್ಡನೆಯ ಹೊಲಿಗೆಗಳನ್ನು ಹಾಕಿ, ಎರಡನೆಯ ಸುತ್ತಿನಲ್ಲಿ ಅವನ್ನು 12, ಮೂರನೆಯದರಲ್ಲಿ 18, ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತ ಹೋದರೆ ರೊಟ್ಟಿಯಂತೆ ಚಪ್ಪಟೆಯಾದ ಬಿಲ್ಲೆ ಹರಡಿಕೊಳ್ಳುತ್ತದೆ. ಅದರ ಅಡ್ಡಳತೆ ಸುಮಾರು 17 ಸೆಂಟಿಮೀಟರ್ ಮುಟ್ಟಿದಾಗ ಹೊಲಿಗೆ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಆಗ ಅಂಚು ತಾನಾಗಿಯೇ ಕೆಳಕ್ಕೆ ಬಾಗಿ ಟೋಪಿಯ ಗೋಡೆಯಾಗುತ್ತದೆ. ಹೀಗೆ ದೊರೆಯುವ 53 ಸೆಂಟಿಮೀಟರಿನ ಸುತ್ತಳತೆಯು 56 ಸೆಂಟಿಮೀಟರಿನ ತಲೆಗೆ ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಆಳವನ್ನು ನಾಲ್ಕೈದು ಸೆಂಟಿಮೀಟರ್ ಹೆಚ್ಚಿಗೆ ಹೆಣೆದರೆ ಅಂಚನ್ನು ಮಡಿಚಿ ಕಿವಿಯ ಮೇಲೆ ಎರಡು ಪದರ ಬರುವಂತೆ ಮಾಡಬಹುದು. ಬೇಗ ಮುಗಿಯಲೆಂದು ಎತ್ತರದ ಹೊಲಿಗೆಯಾದ ಡಬಲ್ ಕ್ರೋಶವನ್ನು ಆರಿಸಿಕೊಳ್ಳುವವರಿದ್ದಾರೆ. ಆದರೆ ಅದು ಹೊಲಿಗೆಗಳ ನಡುವೆ ಕಿಂಡಿ ಬಿಡುತ್ತದೆ. ತೋರಣಕ್ಕೆ ಅಂದ ಕೊಡುವ ಆ ಕಿಂಡಿಗಳೇ ಬೀದಿಯಲ್ಲಿ ಗಾಳಿಗೆ ದಾರಿಯಾಗುತ್ತವೆ. ಆದ್ದರಿಂದ ಜಾಲರಿಯ ವಿನ್ಯಾಸಗಳನ್ನು ಬಿಟ್ಟು ಒತ್ತಾಗಿ ಹೆಣೆಯುವುದೇ ತಕ್ಕದ್ದು.

ನೂಲಿನ ಆಯ್ಕೆಗೆ ಇದಕ್ಕಿಂತಲೂ ಹೆಚ್ಚಿನ ವಿವೇಚನೆ ಬೇಕು. ಕುರಿಯ ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡೂ ಮೈಗೆ ತಣ್ಣಗೆ ತಾಗುವುದಿಲ್ಲ. ಕಿಡಿ ಬಿದ್ದರೆ ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಬಿಸಿನೀರಿನ ಯಂತ್ರದಲ್ಲಿ ಒಗೆದಾಗ ಮಾತ್ರ ಅದರ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಪೆಟ್ರೋಲಿಯಂ ಮೂಲದ ಕೃತಕ ನೂಲಾದ ಅಕ್ರಿಲಿಕ್ ಅಗ್ಗ, ಹಗುರ, ಯಂತ್ರದ ಒಗೆತಕ್ಕೂ ಒಣಗುವುದಕ್ಕೂ ಅನುಕೂಲ. ತಂಗುದಾಣಗಳಲ್ಲಿ ಎಲ್ಲರ ಬಟ್ಟೆಯೂ ಒಟ್ಟಿಗೇ ಯಂತ್ರಕ್ಕೆ ಬೀಳುವುದರಿಂದ ಅಲ್ಲಿಗೆ ಇದೇ ಹೊಂದುತ್ತದೆ. ಆದರೆ ಬೆಂಕಿ ತಾಗಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದಾದ್ದರಿಂದ, ಬೆಂಕಿ ಕಾಯಿಸುತ್ತ ರಾತ್ರಿ ಕಳೆಯುವವರಿಗೆ ಉಣ್ಣೆಯೇ ಕ್ಷೇಮ. ಹತ್ತಿಯ ನೂಲು ಚಳಿಯ ಊರಿಗೆ ಸಲ್ಲದು. ನೆನೆದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನೇ ಹೀರುತ್ತದೆ. ಒಗೆಯುವ ಅವಕಾಶ ಅಪರೂಪವಾದವರಿಗೆ ಕೊಳೆ ಎದ್ದು ತೋರದ ಕಡುನೀಲಿ, ಬೂದು, ಕಂದು ಬಣ್ಣಗಳು ಒಳ್ಳೆಯವು. ಉದ್ದನೆಯ ಮಫ್ಲರಿನ ಗೊಂಡೆಗಳನ್ನು ಬಿಡುವುದೇ ಲೇಸು. ಕೊಡುವವರ ಕೈಚಳಕಕ್ಕಿಂತ ತೊಡುವವರ ದಿನಚರಿಯೇ ಇಲ್ಲಿ ಮಾದರಿಯನ್ನು ನಿರ್ಧರಿಸಬೇಕು.

ಹೀಗೆ ಬಿಡಿ ಕೈಗಳ ಕೆಲಸವನ್ನು ಕೂಡಿಸುವ ಪ್ರಯತ್ನಗಳಲ್ಲಿ ವಾರ್ಮ್ ಅಪ್ ಅಮೆರಿಕ ಎಂಬ ಸಂಸ್ಥೆ ಹೆಸರುವಾಸಿ. ವಿಸ್ಕಾನ್ಸಿನ್ ರಾಜ್ಯದ ವಾಸಾ ಪಟ್ಟಣದಲ್ಲಿ ನೂಲಿನ ಅಂಗಡಿ ನಡೆಸುತ್ತಿದ್ದ ಈವಿ ರೋಸನ್ ಅವರು 1991ರಲ್ಲಿ ಇದನ್ನು ಆರಂಭಿಸಿದರು. ಇಡೀ ಹೊದಿಕೆಯನ್ನು ಒಬ್ಬರೇ ಹೆಣೆಯಬೇಕೆಂದರೆ ಹಿಂಜರಿಯುವವರೂ 7 ಇಂಚು ಅಗಲ, 9 ಇಂಚು ಉದ್ದದ ಒಂದು ತುಂಡನ್ನು ಕೊಡಬಲ್ಲರೆಂಬುದು ಅವರ ಯೋಚನೆ. ಅಂಥ 49 ತುಂಡುಗಳನ್ನು ಜೋಡಿಸಿದರೆ ಒಂದು ಹೊದಿಕೆ ಸಿದ್ಧ. ಉತ್ತರ ಅಮೆರಿಕದ ಕೆಲವು ನಗರಗಳಲ್ಲಿ ಮಫ್ಲರುಗಳನ್ನು ಮರಗಳಿಗೂ ದೀಪದ ಕಂಬಗಳಿಗೂ ಕಟ್ಟಿ, ಬೇಕಾದವರು ಒಯ್ಯಬಹುದೆಂದು ಚೀಟಿ ತೂಗುಹಾಕುವ ಪದ್ಧತಿಯೂ ಇದೆ. ಪಡೆಯುವವರು ಯಾರ ಮುಂದೆಯೂ ಕೈಚಾಚದೆ ತಮಗೆ ಬೇಕಾದುದನ್ನು ಆರಿಸಿಕೊಳ್ಳುವಂತಾಗುವುದು ಈ ಪದ್ಧತಿಯ ದೊಡ್ಡ ಗುಣ.

ಭಾರತದಲ್ಲಿ 2011ರ ಜನಗಣತಿ ಗುರುತಿಸಿದ ವಸತಿಹೀನರು ಸುಮಾರು 17.7 ಲಕ್ಷ. ದೆಹಲಿಯ ಚಳಿಯನ್ನು ಬೀದಿಯಲ್ಲಿ ಎದುರಿಸುವವರ ಸಂಕಟವನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಮಧ್ಯೆ ಪ್ರವೇಶಿಸಿ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದರಂತೆ ತಂಗುದಾಣಗಳಿರಬೇಕೆಂದು ನಿರ್ದೇಶಿಸಿತು. ಟೋಪಿಯು ಸೂರಿಗೆ ಬದಲಾಗಲಾರದು, ಸರ್ಕಾರದ ಹೊಣೆಯನ್ನು ಹಗುರಗೊಳಿಸಲೂ ಕೂಡದು. ಆದರೆ ಸೂರು ಸಿಗುವ ತನಕದ ರಾತ್ರಿಗಳಿಗೆ ಅದು ಬೇಕೇ ಬೇಕು. ಕ್ರೋಶ ಬಲ್ಲ ಕೈಗಳಿಗೆ ಈ ನಾಡಿನಲ್ಲೇನೂ ಕೊರತೆಯಿಲ್ಲ. ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಬಳಗವು 2016ರ ಜನವರಿ 31ರಂದು ಚೆನ್ನೈಯಲ್ಲಿ 11,148.5 ಚದರ ಮೀಟರಿನ ಕ್ರೋಶ ಹೊದಿಕೆಯನ್ನು ಜೋಡಿಸಿ ಗಿನ್ನೆಸ್ ದಾಖಲೆ ಬರೆದದ್ದು ಇದಕ್ಕೆ ಸಾಕ್ಷಿ.

ಹೆಣೆದದ್ದನ್ನು ಒಯ್ಯುವ ಮೊದಲು ತಂಗುದಾಣವನ್ನು ವಿಚಾರಿಸುವುದು ಒಳಿತು. ಟೋಪಿಗಳು ರಾಶಿಬಿದ್ದು ಕಾಲುಚೀಲಗಳೇ ಇಲ್ಲದಿರುವ ಸಂದರ್ಭವೂ ಉಂಟು. ಕ್ರೋಶದ ಗಂಟುಗಂಟು ಹೊಲಿಗೆ ದಿನವಿಡೀ ನಡೆಯುವವರ ಅಂಗಾಲಿಗೆ ಒತ್ತುವುದರಿಂದ ಕಾಲುಚೀಲವನ್ನು ಅಂಗಡಿಯಿಂದಲೇ ಕೊಂಡು ಟೋಪಿಯೊಳಗೆ ಇರಿಸಿ ಕೊಡಬಹುದು. ನೂಲು ಯಾವುದು, ಹೇಗೆ ಒಗೆಯಬೇಕು ಎಂಬ ಚೀಟಿಯೊಂದಿಗೆ ಇವು ಚಳಿ ಏರುವ ಮುನ್ನ, ನವೆಂಬರ್ ಹೊತ್ತಿಗೆ ತಲುಪಿದರೆ ಹಂಚುವವರಿಗೂ ಸಮಯ ಸಿಗುತ್ತದೆ.